ಗಾಡಿ ಕೊಳ್ಳುವ ಮುನ್ನ ಕಾಗದ ಓದಿ



ಸೀರೆ ಕೊಳ್ಳುವಾಗ ಸೆರಗು ಬಿಡಿಸಿ ನೋಡುತ್ತೇವೆ. ಮಡಕೆ ಕೊಳ್ಳುವಾಗ ತಟ್ಟಿ ನೋಡುತ್ತೇವೆ. ಹಸು ಕೊಳ್ಳುವಾಗ ಹಲ್ಲು ನೋಡುತ್ತೇವೆ. ಹಳೆಯ ಗಾಡಿ ಕೊಳ್ಳುವಾಗ ಏನು ನೋಡುತ್ತೇವೆ? ಬಣ್ಣ ನೋಡುತ್ತೇವೆ. ಆದರೆ ಬಣ್ಣವನ್ನು ನಿನ್ನೆ ಬಳಿದಿರಬಹುದು. ಗಾಡಿಯ ನಿಜ ತಿಳಿಯಬೇಕಾದರೆ ಅದರ ಕಾಗದ ಓದಬೇಕು. ಈಗ ನಮಗೆ ಓದಲು ಬರುತ್ತದೆ. ಬನ್ನಿ, ಓದೋಣ.

ಎಫ್‌ಸಿ ಎಂದರೇನು?

ಬಾಡಿಗೆಗೆ ಓಡುವ ಗಾಡಿಗೆ, ಸಾಮಾನು ಸಾಗಿಸುವ ಗಾಡಿಗೆ ಹಳದಿ ಬೋರ್ಡು ಇರುತ್ತದೆ. ಇಂಥ ಗಾಡಿಯನ್ನು ಆಗಾಗ ತಪಾಸಣೆ ಮಾಡಿಸಬೇಕು. ಬ್ರೇಕು, ಲೈಟು, ಹಾರನ್ನು, ಟೈರು, ಸ್ಟೇರಿಂಗು ಎಲ್ಲವನ್ನೂ ನೋಡುತ್ತಾರೆ. ಎಲ್ಲ ಸರಿ ಇದ್ದರೆ ಒಂದು ಪತ್ರ ಕೊಡುತ್ತಾರೆ. ಅದೇ ಎಫ್‌ಸಿ. ಗಾಡಿ ರಸ್ತೆಗೆ ಯೋಗ್ಯ ಎಂದು ಹೇಳುವ ಪತ್ರ ಅದು.

ಹೊಸ ಗಾಡಿಗೆ ಮೊದಲ 2 ವರ್ಷ ಚಿಂತೆ ಇಲ್ಲ. ಆಮೇಲೆ 8 ವರ್ಷ ತುಂಬುವ ತನಕ 2 ವರ್ಷಕ್ಕೊಮ್ಮೆ ಎಫ್‌ಸಿ ಮಾಡಿಸಬೇಕು. 8 ವರ್ಷ ದಾಟಿದ ಮೇಲೆ ಪ್ರತಿ ವರ್ಷ ಮಾಡಿಸಬೇಕು. ಎಫ್‌ಸಿ ಮುಗಿದ ಗಾಡಿಯ ನೋಂದಣಿಗೆ ಬೆಲೆ ಇಲ್ಲ ಎಂದು ಕಾನೂನು ಹೇಳುತ್ತದೆ.

ಮನೆ ಬಳಕೆಯ ಕಾರಿಗೆ ಬಿಳಿ ಬೋರ್ಡು. ಅದರ ಲೆಕ್ಕ ಬೇರೆ. ನೋಂದಣಿಯಾಗಿ 15 ವರ್ಷ ತುಂಬಿದಾಗ ತಪಾಸಣೆ ಆಗಬೇಕು. ಆಮೇಲೆ 5 ವರ್ಷಕ್ಕೊಮ್ಮೆ ಆಗಬೇಕು.

ಗೌರಮ್ಮ ಹಾಕಿದ ಲೆಕ್ಕ

ಒಂದು ಉದಾಹರಣೆ ನೋಡೋಣ. ಕತ್ರಿಗುಪ್ಪೆಯಲ್ಲಿ ತರಕಾರಿ ಮಾರುವ ಒಬ್ಬ ಹೆಂಗಸು ಇದ್ದಾಳೆ ಎಂದುಕೊಳ್ಳೋಣ. ಅವಳನ್ನು ಗೌರಮ್ಮ ಎನ್ನೋಣ. ದಿನಾ ಬೆಳಗಿನ ಜಾವ ಕೆ.ಆರ್. ಮಾರ್ಕೆಟ್ಟಿನಿಂದ ತರಕಾರಿ ತರಬೇಕು. ದುಡಿದ ಹಣ ಬಾಡಿಗೆಗೇ ಹೋಗುತ್ತಿತ್ತು. ಸ್ವಂತಕ್ಕೆ ಒಂದು ಹಳೆಯ ಲಗೇಜ್ ಆಟೋ ಕೊಳ್ಳಲು ಮನಸ್ಸು ಮಾಡಿದಳು. ಸ್ತ್ರೀಶಕ್ತಿ ಸಂಘದಲ್ಲಿ ಸಾಲ ಎತ್ತಿದಳು. ಗಂಡ ಓಡಿಸುವುದು, ಅವಳು ವ್ಯಾಪಾರ ಮಾಡುವುದು ಎಂದು ಮಾತಾಯಿತು.

ಬ್ರೋಕರ್ ಒಂದು ಗಾಡಿ ತೋರಿಸಿದ. ಬಣ್ಣ ಫಳಫಳ ಹೊಳೆಯುತ್ತಿತ್ತು.

“ಕಣ್ಣು ಮುಚ್ಕೊಂಡು ತಗೊಳ್ಳಿ ಅಕ್ಕ. ಎಫ್‌ಸಿ ಐತೆ” ಅಂದ.

“ಕಣ್ಣು ಬಿಟ್ಕೊಂಡೇ ತಗೋತೀನಿ ಅಣ್ಣ. ಹಳೇ ಎಫ್‌ಸಿಗಳೂ ಬೇಕು. ಎಲ್ಲಾ ತನ್ನಿ” ಅಂದಳು ಗೌರಮ್ಮ.

ಕಾಗದ ಬಂತು. ಗೌರಮ್ಮ ತಾರೀಕುಗಳನ್ನು ಒಂದರ ಕೆಳಗೆ ಒಂದು ಬರೆದುಕೊಂಡಳು.

ನೋಂದಣಿ: ಜೂನ್ 2017
ಮೊದಲ ಎಫ್‌ಸಿ: ಜೂನ್ 2019
ಎರಡನೇ ಎಫ್‌ಸಿ: ಅಕ್ಟೋಬರ್ 2021
ಮೂರನೇ ಎಫ್‌ಸಿ: ಆಗಸ್ಟ್ 2025

ಎರಡನೇ ಎಫ್‌ಸಿ ನಾಲ್ಕು ತಿಂಗಳು ತಡವಾಗಿತ್ತು. ಅದಕ್ಕೆ ಕಾರಣ ಇತ್ತು. ಆಗ ಕೊರೋನಾ ಕಾಲ. ಅವಧಿ ಮುಗಿದ ಗಾಡಿ ಕಾಗದಗಳಿಗೆ ಸರ್ಕಾರ 31-10-2021ರ ತನಕ ಸಮಯ ಕೊಟ್ಟಿತ್ತು. ಆದರೆ ಮೂರನೇ ಎಫ್‌ಸಿ 2023ರ ಅಕ್ಟೋಬರ್‌ನಲ್ಲಿ ಆಗಬೇಕಿತ್ತು. ಆಗಿರಲಿಲ್ಲ.

“ಈ ಎರಡು ವರ್ಷ ಗಾಡಿ ಎಲ್ಲಿತ್ತು ಅಣ್ಣ?” ಗೌರಮ್ಮ ಕೇಳಿದಳು.

“ಸುಮ್ನೆ ನಿಂತಿತ್ತು ಅಕ್ಕ” ಅಂದ ಬ್ರೋಕರ್.

ಗೌರಮ್ಮ ಮುಂಗಡ ಕೊಡಲಿಲ್ಲ. ತನಗೆ ಗೊತ್ತಿದ್ದ ಮೆಕ್ಯಾನಿಕ್‌ನನ್ನು ಕರೆದುಕೊಂಡು ಬಂದಳು. ಅವನು ಗಾಡಿಯ ಕೆಳಗೆ ಮಲಗಿ ನೋಡಿದ. ಚಾಸಿ ಬಾಗಿತ್ತು. ಬೆಸುಗೆ ಹಾಕಿ ಬಣ್ಣ ಬಳಿದಿದ್ದರು. ಗಾಡಿಗೆ ದೊಡ್ಡ ಪೆಟ್ಟು ಬಿದ್ದಿತ್ತು.

ಗೌರಮ್ಮ ಆ ಗಾಡಿ ಬಿಟ್ಟಳು. ಸಂಘದ ಹಣ ಉಳಿಯಿತು. ಎಫ್‌ಸಿ ನಡುವೆ ಖಾಲಿ ಬಿದ್ದರೆ ಗಾಡಿ ಕೆಟ್ಟದ್ದೇ ಎಂದು ಅರ್ಥವಲ್ಲ. ಆದರೆ ಕಾರಣ ಕೇಳಲೇಬೇಕು. ಎಫ್‌ಸಿ ಇದ್ದರೂ ಮೆಕ್ಯಾನಿಕ್‌ಗೆ ತೋರಿಸಲೇಬೇಕು. ಎಫ್‌ಸಿ ಹೇಳುವುದು ತಪಾಸಣೆಯ ದಿನದ ಮಾತು.

ಇನ್ನೂ ಏನೇನು ನೋಡಬೇಕು?

1. ಆರ್‌ಸಿ. ಮಾಲೀಕರ ಹೆಸರು, ನೋಂದಣಿ ದಿನ, ಇಂಜಿನ್ ನಂಬರು, ಚಾಸಿ ನಂಬರು ಅದರಲ್ಲಿ ಇರುತ್ತವೆ. ಗಾಡಿಯ ಮೇಲೆ ಕೊರೆದ ನಂಬರಿಗೆ ಹೋಲಿಸಿ. ಒಂದು ಅಂಕಿ ಬೇರೆ ಇದ್ದರೂ ಕೊಳ್ಳಬೇಡಿ.

2. ಸಾಲ. ಆರ್‌ಸಿಯಲ್ಲಿ ಬ್ಯಾಂಕಿನ ಅಥವಾ ಫೈನಾನ್ಸಿನ ಹೆಸರು ಇದೆಯೇ? ಇದ್ದರೆ ಸಾಲ ತೀರಿದ ಪತ್ರ ಮತ್ತು 35ನೇ ನಮೂನೆ ಕೇಳಿ.

3. ವಿಮೆ, ಎಮಿಷನ್ ಚೀಟಿ, ತೆರಿಗೆ ರಸೀದಿ. ಮೂರರಲ್ಲೂ ಕೊನೆಯ ದಿನಾಂಕ ಓದಿ.

4. ಪೊಲೀಸ್ ದಂಡ. ಬಾಕಿ ಇದೆಯೇ ಎಂದು ಟ್ರಾಫಿಕ್ ಪೊಲೀಸ್ ಠಾಣೆಯಲ್ಲಿ ಗಾಡಿ ನಂಬರು ಹೇಳಿ ಕೇಳಿ.

ಮೊಬೈಲಿನಲ್ಲೂ ನೋಡಬಹುದು. ಸರ್ಕಾರದ ಎಂ-ಪರಿವಾಹನ್ ಆ್ಯಪ್ ಇದೆ. ಗಾಡಿ ನಂಬರು ಹಾಕಿದರೆ ಎಫ್‌ಸಿ, ವಿಮೆ ಯಾವಾಗ ಮುಗಿಯುತ್ತವೆ ಎಂದು ಕಾಣುತ್ತದೆ. ಕೈಯಲ್ಲಿರುವ ಕಾಗದಕ್ಕೂ ಅದಕ್ಕೂ ತಾಳೆ ನೋಡಿ. ಹಳೆಯ ಎಫ್‌ಸಿಗಳನ್ನು ಮಾತ್ರ ಮಾರುವವರ ಹತ್ತಿರವೇ ಕೇಳಿ ಪಡೆಯಿರಿ.

ಹೆಸರು ಬದಲಾಯಿಸಿ

ಹಣ ಕೊಟ್ಟು ಕೀಲಿಕೈ ಇಸಕೊಂಡರೆ ಕೆಲಸ ಮುಗಿಯಲಿಲ್ಲ. ಆರ್‌ಸಿಯಲ್ಲಿ ಹೆಸರು ಬದಲಾಗಬೇಕು. ಅದಕ್ಕೆ 29ನೇ ಮತ್ತು 30ನೇ ನಮೂನೆ ತುಂಬಬೇಕು. ಮಾರಿದವರು 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಕೊಂಡವರು 30 ದಿನದೊಳಗೆ ತಿಳಿಸಬೇಕು. ನಂಬರು ಕೆಎ-05 ಎಂದು ಶುರುವಾದರೆ ಆ ಗಾಡಿ ನಮ್ಮ ಜಯನಗರ ಆರ್‌ಟಿಒದಲ್ಲಿ ನೋಂದಣಿಯಾದದ್ದು.

2018ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಒಂದು ಮೊಕದ್ದಮೆ ಬಂತು. ಒಂದು ಕಾರು ಕೈಯಿಂದ ಕೈಗೆ ಮಾರಾಟವಾಗಿತ್ತು. ಆರ್‌ಸಿಯಲ್ಲಿ ಮೊದಲಿನವರ ಹೆಸರೇ ಇತ್ತು. ಅಪಘಾತವಾಯಿತು. ಆರ್‌ಸಿಯಲ್ಲಿ ಹೆಸರು ಇದ್ದವರೇ ಮಾಲೀಕರು, ಪರಿಹಾರ ಅವರೇ ಕೊಡಬೇಕು ಎಂದು ಕೋರ್ಟು ಹೇಳಿತು. ಹೆಸರು ಬದಲಾಯಿಸದೆ ಗಾಡಿ ಮಾರಿದವರಿಗೂ ಕಷ್ಟ, ಕೊಂಡವರಿಗೂ ಕಷ್ಟ.

ಇನ್ನೊಂದು ಮಾತು. ಸಾಲ ನಿಮ್ಮ ಹೆಸರಿನಲ್ಲಿ ಇದ್ದರೆ ಆರ್‌ಸಿಯೂ ನಿಮ್ಮ ಹೆಸರಿನಲ್ಲಿ ಇರಲಿ. ಕಂತು ಕಟ್ಟುವವಳು ನೀವು. ಗಾಡಿಯ ಒಡತಿಯೂ ನೀವೇ ಆಗಿರಿ.

ಅಭ್ಯಾಸ

ಅ) ಬಿಟ್ಟ ಜಾಗ ತುಂಬಿ.
1. 8 ವರ್ಷ ದಾಟಿದ ಹಳದಿ ಬೋರ್ಡಿನ ಗಾಡಿಗೆ ____ ವರ್ಷಕ್ಕೊಮ್ಮೆ ಎಫ್‌ಸಿ ಮಾಡಿಸಬೇಕು.
2. ಕೊಂಡವರು ____ ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು.

ಆ) ಲೆಕ್ಕ ಮಾಡಿ.
ಒಂದು ಲಗೇಜ್ ಆಟೋ 2019ರಲ್ಲಿ ನೋಂದಣಿಯಾಯಿತು. 8 ವರ್ಷ ತುಂಬುವ ತನಕ ಯಾವ ಯಾವ ವರ್ಷ ಎಫ್‌ಸಿ ಆಗಬೇಕು? ಬರೆಯಿರಿ.

ಇ) ಮಾತಾಡಿ.
ನಿಮ್ಮ ಮನೆಯ ಗಾಡಿಯ ಆರ್‌ಸಿ ತಂದು ಓದಿ. ಅದರಲ್ಲಿ ಯಾರ ಹೆಸರು ಇದೆ?