ಆಟದ ಡ್ರೋನು ಮತ್ತು ಪೆಟ್ಟಿಗೆಯ ಮೇಲಿನ ಅಂಕಿಗಳು

ಚಿತ್ರದುರ್ಗ ಜಿಲ್ಲೆಯ ಜನರಿಗೆ ಚಾಲಕರಹಿತ ವಿಮಾನವೆಂಬುದು ಬರಿಯ ಕೇಳಿದ ಮಾತಲ್ಲ. ಚಳ್ಳಕೆರೆಯ ಬಳಿ ರಕ್ಷಣಾ ಸಂಶೋಧನ ಸಂಸ್ಥೆಯ ವಿಮಾನ ಪರೀಕ್ಷಾಕ್ಷೇತ್ರವಿದೆ. ಪರೀಕ್ಷಾರ್ಥವಾಗಿ ಹಾರುತ್ತಿದ್ದ 'ತಪಸ್' ಎಂಬ ಚಾಲಕರಹಿತ ವಿಮಾನವೊಂದು 2023ರ ಆಗಸ್ಟ್ 20ರಂದು ಹಿರಿಯೂರು ತಾಲ್ಲೂಕಿನ ವದ್ದೀಕೆರೆಯ ಬಳಿ ಹೊಲದಲ್ಲಿ ಬಿದ್ದಿತು. ನುರಿತ ತಜ್ಞರು ಕಟ್ಟಿದ ಯಂತ್ರವೂ ಬೀಳಬಹುದು. ಆದುದರಿಂದಲೇ ಅವರು ತಮ್ಮ ಲೆಕ್ಕಾಚಾರವನ್ನು ಹಾರಿಸಿ ನೋಡಿದ ಹೊರತು ನಂಬುವುದಿಲ್ಲ. ನಾವಾದರೋ, ಅಂಗಡಿಯ ಪೆಟ್ಟಿಗೆಯ ಮೇಲಿನ ಅಂಕಿಗಳನ್ನು ಓದಿದೊಡನೆಯೇ ನಂಬಿಬಿಡುತ್ತೇವೆ.

ಅದೇ ತಾಲ್ಲೂಕಿನ ಹರಿಯಬ್ಬೆಯ ವಿದ್ಯಾರ್ಥಿಯೊಬ್ಬನು ಕೆಲವು ಸಾವಿರ ರೂಪಾಯಿ ಕೂಡಿಸಿಕೊಂಡು, ಆಟಕ್ಕಾಗಿ ಕ್ಯಾಮೆರಾ ಡ್ರೋನನ್ನು ಕೊಳ್ಳಹೊರಟಿರುವನೆಂದು ಭಾವಿಸೋಣ. '30 ನಿಮಿಷ ಹಾರಾಟ, 4ಕೆ ಕ್ಯಾಮೆರಾ, ಆಟಗಳಿಗೆ ಅತ್ಯುತ್ತಮ' ಎಂದು ಪೆಟ್ಟಿಗೆ ಸಾರುತ್ತದೆ. ಈ ಮೂರು ಮಾತುಗಳನ್ನು ಶಾಲೆಯ ಭೌತವಿಜ್ಞಾನದಿಂದಲೇ ಒರೆಗೆ ಹಚ್ಚಬಹುದು.

ಹಾರಾಟದ ಅವಧಿ

ಯಂತ್ರದ ತೂಕ 100 ಗ್ರಾಂ. ಅದರ ನಾಲ್ಕು ರೆಕ್ಕೆಗಳಲ್ಲಿ ಪ್ರತಿಯೊಂದೂ ತಿರುಗುವ ವರ್ತುಲದ ವ್ಯಾಸ 7.5 ಸೆಂಟಿಮೀಟರು, ಬ್ಯಾಟರಿ 3.7 ವೋಲ್ಟ್, 500 ಮಿಲಿ ಆಂಪಿಯರ್-ಗಂಟೆಯದು ಎಂದಿಟ್ಟುಕೊಳ್ಳೋಣ. ಬ್ಯಾಟರಿಯಲ್ಲಿರುವ ಶಕ್ತಿ 3.7 × 0.5 × 3600, ಅಂದರೆ 6660 ಜೂಲ್.

ಗಾಳಿಯಲ್ಲಿ ನಿಶ್ಚಲವಾಗಿ ನಿಲ್ಲಬೇಕಾದರೆ ಯಂತ್ರವು ಗಾಳಿಯನ್ನು ಕೆಳಕ್ಕೆ ದೂಡುತ್ತಲೇ ಇರಬೇಕು. ನ್ಯೂಟನ್ನನ ಮೂರನೆಯ ನಿಯಮದಂತೆ ಆ ದೂಡುವಿಕೆಯ ಪ್ರತಿಕ್ರಿಯೆಯೇ ಅದನ್ನು ಎತ್ತಿಹಿಡಿಯುವುದು. ನಾಲ್ಕು ವರ್ತುಲಗಳ ಒಟ್ಟು ವಿಸ್ತೀರ್ಣ 0.0177 ಚದರ ಮೀಟರು. ರೆಕ್ಕೆಗಳ ಕೆಳಗೆ ಗಾಳಿಯ ಪ್ರವಾಹವು ಸಂಕುಚಿತವಾಗಿ, ಅದರ ಅಡ್ಡಕೊಯ್ತ ಇದರ ಅರ್ಧದಷ್ಟಾಗುತ್ತದೆ. ನಮ್ಮ ಬಯಲುಸೀಮೆಯ ಎತ್ತರದಲ್ಲಿ ಒಂದು ಘನ ಮೀಟರು ಗಾಳಿಯ ತೂಕ ಸುಮಾರು 1.1 ಕಿಲೋಗ್ರಾಂ. ಗಾಳಿ ಸೆಕೆಂಡಿಗೆ 10 ಮೀಟರು ವೇಗದಿಂದ ಇಳಿದರೆ, ಪ್ರತಿ ಸೆಕೆಂಡಿಗೂ ಸುಮಾರು 97 ಗ್ರಾಂ ಗಾಳಿ ಕೆಳಗೆ ಸಾಗುತ್ತದೆ, ಬಲವು 0.097 × 10, ಎಂದರೆ ಸುಮಾರು 1 ನ್ಯೂಟನ್. ಯಂತ್ರದ ಭಾರವೂ ಅಷ್ಟೇ.

ಈ ಗಾಳಿಗೆ ಕೊಡಬೇಕಾದ ಚಲನಶಕ್ತಿ ಸೆಕೆಂಡಿಗೆ ½ × 0.097 × 100, ಸುಮಾರು 4.9 ಜೂಲ್. 6660ನ್ನು 4.9ರಿಂದ ಭಾಗಿಸಿದರೆ ಸುಮಾರು 1360 ಸೆಕೆಂಡು, ಅಂದರೆ ಇಪ್ಪತ್ತಮೂರು ನಿಮಿಷಕ್ಕೂ ಕಡಿಮೆ! ಇದು ಎಳ್ಳಷ್ಟೂ ನಷ್ಟವಿಲ್ಲದ ಆದರ್ಶಯಂತ್ರದ ಅವಧಿ. ಪುಟ್ಟ ಮೋಟಾರು ಮತ್ತು ರೆಕ್ಕೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಶಕ್ತಿ ವ್ಯರ್ಥವಾಗುವುದರಿಂದ ಎಂಟು ಹತ್ತು ನಿಮಿಷ ಹಾರಿದರೆ ಅದೇ ಹೆಚ್ಚು. ಹಾಗಾದರೆ 30 ನಿಮಿಷವೆಲ್ಲಿಂದ ಬಂದಿತು? ಪೆಟ್ಟಿಗೆಯಲ್ಲಿ ಮೂರು ಬ್ಯಾಟರಿಗಳಿದ್ದು ಅವುಗಳ ಅವಧಿಯನ್ನು ಕೂಡಿಸಿರಬಹುದು; ಇಲ್ಲವಾದರೆ ಅದು ಸುಳ್ಳು.

ಕ್ಯಾಮೆರಾದ ಕಣ್ಣು

4ಕೆ ಚಿತ್ರದಲ್ಲಿ 3840 × 2160, ಎಂದರೆ ಸುಮಾರು 83 ಲಕ್ಷ ಬಿಂದುಗಳಿರುತ್ತವೆ. 640 × 480ರ ಸಾಧಾರಣ ಚಿತ್ರದಲ್ಲಿರುವುದು 3 ಲಕ್ಷ ಮಾತ್ರ. ಈ ಚಿಕ್ಕ ಚಿತ್ರವನ್ನೇ ಹಿಗ್ಗಿಸಿ, ನಡುವೆ ಕಲ್ಪಿತ ಬಿಂದುಗಳನ್ನು ತುಂಬಿ, 4ಕೆ ಎಂದು ತೋರಿಸಲು ಸಾಧ್ಯವಿದೆ. ಆದರೆ ಕ್ಯಾಮೆರಾ ಕಾಣದಿದ್ದುದನ್ನು ಹಿಗ್ಗಿಸುವಿಕೆ ಕಾಣಿಸಲಾರದು.

ಇದನ್ನು ಪರೀಕ್ಷಿಸಲು ಯಂತ್ರವನ್ನು ಹಾರಿಸಬೇಕಾಗಿಯೂ ಇಲ್ಲ. ಹಲಗೆಯೊಂದರ ಮೇಲೆ 1 ಸೆಂಟಿಮೀಟರು ಅಗಲದ ಕಪ್ಪು ಬಿಳುಪು ಪಟ್ಟೆಗಳನ್ನು ಬರೆದು, 10 ಮೀಟರು ದೂರದಿಂದ ಚಿತ್ರ ತೆಗೆಯಿರಿ. ಕ್ಯಾಮೆರಾದ ನೋಟ 60 ಡಿಗ್ರಿ ಅಗಲವಾಗಿದ್ದರೆ, ಆ ದೂರದಲ್ಲಿ ಅದಕ್ಕೆ ಕಾಣುವುದು ಸುಮಾರು 11.5 ಮೀಟರು. ನಿಜವಾದ 4ಕೆಯಲ್ಲಿ ಒಂದು ಬಿಂದುವಿನ ಪಾಲಿಗೆ 3 ಮಿಲಿಮೀಟರು ಬರುತ್ತದೆ; ಚಿಕ್ಕ ಚಿತ್ರದಲ್ಲಿ 18 ಮಿಲಿಮೀಟರು. ಮೊದಲನೆಯದರಲ್ಲಿ ಪಟ್ಟೆಗಳು ಬೇರೆಬೇರೆಯಾಗಿ ಕಾಣಬೇಕು. ಎರಡನೆಯದರಲ್ಲಿ ಎಲ್ಲವೂ ಕಲಸಿ ಬೂದುಬಣ್ಣವಾಗುವುವು.

ಆಟಕ್ಕೆ ಬೇಕಾದ ಗುಣ

ಡ್ರೋನನ್ನು ಆಟದ ಸಾಧನವೆಂದು ಮಾರುವುದು ಹೊಸತಲ್ಲ. ಫ್ರಾನ್ಸಿನ ಪ್ಯಾರಟ್ ಸಂಸ್ಥೆ 2010ರಲ್ಲಿ 'ಎ.ಆರ್. ಡ್ರೋನ್' ಎಂಬುದನ್ನು ಹೊರತಂದಿತು. ಫೋನಿನ ತೆರೆಯ ಮೇಲೆ, ಕ್ಯಾಮೆರಾ ಕಂಡ ನಿಜದೃಶ್ಯದೊಡನೆ ಕೃತಕ ಶತ್ರುಗಳೂ ಮೂಡುತ್ತಿದ್ದುವು. ಇಂತಹ ಆಟಕ್ಕೆ ಚಿತ್ರದ ಚೆಲುವಿಗಿಂತ ಅದು ತೆರೆಗೆ ಬರುವ ತ್ವರೆ ಮುಖ್ಯ. ಸೆಕೆಂಡಿಗೆ 5 ಮೀಟರು ಹಾರುವ ಡ್ರೋನಿನ ಚಿತ್ರ 0.3 ಸೆಕೆಂಡು ತಡವಾದರೆ, ಆಟಗಾರನು ಗೋಡೆಯನ್ನು ಕಾಣುವಷ್ಟರಲ್ಲಿ ಯಂತ್ರವು ಒಂದೂವರೆ ಮೀಟರು ಮುಂದೆ ಹೋಗಿರುತ್ತದೆ.

ಈ ವಿಳಂಬವನ್ನೂ ಅಳೆಯಬಹುದು. ಓಡುತ್ತಿರುವ ಸ್ಟಾಪ್‌ವಾಚನ್ನು ಡ್ರೋನಿನ ಕ್ಯಾಮೆರಾದ ಮುಂದಿಡಿ. ಪಕ್ಕದಲ್ಲೇ ಅದರ ಚಿತ್ರ ಮೂಡುವ ತೆರೆಯನ್ನಿಡಿ. ಎರಡೂ ಒಟ್ಟಿಗೆ ಕಾಣುವಂತೆ ಬೇರೊಂದು ಫೋನಿನಲ್ಲಿ ಫೋಟೊ ತೆಗೆಯಿರಿ. ಎರಡು ಅಂಕಿಗಳ ವ್ಯತ್ಯಾಸವೇ ವಿಳಂಬ.

ಗಾಳಿಯ ಮಾತು

ಚಿತ್ರದುರ್ಗದ ಗುಡ್ಡಗಳ ಮೇಲೆ ಸಾಲುಗಟ್ಟಿ ನಿಂತಿರುವ ಗಾಳಿಯಂತ್ರಗಳು ಈ ಸೀಮೆಯ ಗಾಳಿಗೆ ಸಾಕ್ಷಿ. ಸೆಕೆಂಡಿಗೆ 7 ಮೀಟರು ಗಾಳಿ ಬೀಸುವಾಗ, 5 ಮೀಟರಿನ ಯಂತ್ರವು ಎದುರಾಗಿ ಎಷ್ಟೇ ಹೆಣಗಿದರೂ ಪ್ರತಿ ನಿಮಿಷಕ್ಕೆ 120 ಮೀಟರು ಹಿಂದಕ್ಕೆ ಹೋಗುತ್ತದೆ. ವರ್ಷವೆಲ್ಲ ಕೂಡಿಟ್ಟ ಹಣ ಯಾರದೋ ಹೊಲದ ಪಾಲಾಗಲು, ಅಥವಾ ತಿರುಗುವ ರೆಕ್ಕೆ ಯಾರದೋ ಕಣ್ಣಿಗೆ ತಗಲಲು ಅಷ್ಟು ಸಾಕು. ಹಾರಿಸುವ ಮುನ್ನ ಸರ್ಕಾರದ ವಾಯುಪ್ರದೇಶದ ನಕ್ಷೆಯನ್ನು ನೋಡಿ, ಆ ಸ್ಥಳದಲ್ಲಿ ಹಾರಾಟಕ್ಕೆ ನಿರ್ಬಂಧವಿಲ್ಲವೆಂದು ಖಚಿತಪಡಿಸಿಕೊಳ್ಳುವುದೂ ಅಗತ್ಯ.

ಅಗ್ಗದ ಡ್ರೋನನ್ನು ಕೊಳ್ಳಲೇಬಾರದೆಂದು ನಾವು ಹೇಳುತ್ತಿಲ್ಲ. ಎಂಟು ನಿಮಿಷ ಹಾರುವ ಯಂತ್ರವನ್ನು ಎಂಟು ನಿಮಿಷದ್ದೆಂದು ತಿಳಿದು ಕೊಂಡವನಿಗೆ ಮೋಸವಿಲ್ಲ. ಕೊಳ್ಳುವ ಮೊದಲು ತೂಕ, ರೆಕ್ಕೆಯ ಅಳತೆ, ಬ್ಯಾಟರಿಯ ಅಂಕಿ, ಈ ಮೂರನ್ನು ಬರೆದುಕೊಂಡು ಮೇಲಿನ ಲೆಕ್ಕವನ್ನು ಮಾಡಿನೋಡಿ. ಅದಕ್ಕೆ ತಗಲುವುದು ಕಾಲು ಗಂಟೆ ಮತ್ತು ಒಂದು ಹಾಳೆ ಕಾಗದ.