ಮುರಕಲ್ಲಿನ ಮಣ್ಣಿನಲ್ಲಿ ಲೋಹಶೋಧಕವನ್ನು ಹೊಂದಿಸುವ ಕ್ರಮ



ತೋಟದಲ್ಲಿ ಹಿಂದೆ ಹೂತ ಕಬ್ಬಿಣದ ನೀರಿನ ಕೊಳವೆ ಎಲ್ಲಿ ಹಾದುಹೋಗಿದೆಯೆಂದು ತಿಳಿಯದೆ ಅಲ್ಲಲ್ಲಿ ಅಗೆದು ನೋಡುವುದುಂಟು. ಅಡಿಕೆ ಮರದ ಹೆಚ್ಚಿನ ಬೇರುಗಳು ಬುಡದ ಸುತ್ತ ಎರಡು ಮೂರು ಅಡಿಯೊಳಗೇ ಇರುತ್ತವೆ. ಗೊತ್ತುಗುರಿಯಿಲ್ಲದೆ ಅಗೆದರೆ ಕೊಳವೆ ಸಿಗುವ ಮೊದಲೇ ಬೇರು ಕಡಿದುಹೋಗುತ್ತದೆ. ಇದಕ್ಕಾಗಿ ಲೋಹಶೋಧಕ ಯಂತ್ರವನ್ನು ತಂದರೆ, ವೇಣೂರಿನ ಬೆಟ್ಟು ನೆಲದಲ್ಲಿ ಅದು ಎಲ್ಲೆಂದರಲ್ಲಿ ಕೂಗಬಹುದು. ಯಂತ್ರ ಕೆಟ್ಟಿದೆಯೆಂದು ಹಿಂತಿರುಗಿಸಬೇಡಿರಿ. ಅದು ಕೂಗುತ್ತಿರುವುದು ಮಣ್ಣಿಗೆ.

ಕಾರಣವೇನು?

ಯಂತ್ರದ ಸುರುಳಿಯು ನೆಲದೊಳಕ್ಕೆ ಕಾಂತಶಕ್ತಿಯ ಅಲೆಗಳನ್ನು ಕಳುಹಿಸುತ್ತದೆ. ಲೋಹವಿದ್ದಲ್ಲಿ ಅದರಿಂದ ಮರುತ್ತರ ಬರುತ್ತದೆ. ಮುರಕಲ್ಲಿನ ಮಣ್ಣಿನಲ್ಲಿರುವ ಕಬ್ಬಿಣದ ಖನಿಜಗಳಿಂದಲೂ ಬರುತ್ತದೆ. ಮಣ್ಣಿಗೆ ಕೆಂಪು ಬಣ್ಣ ಕೊಡುವ ಹೆಮಟೈಟಿನಿಂದ ತೊಂದರೆ ಕಡಿಮೆ; ಅಯಸ್ಕಾಂತಕ್ಕೆ ಬಲವಾಗಿ ಅಂಟುವ ಮ್ಯಾಗ್ನೆಟೈಟ್, ಮ್ಯಾಗ್ಹೆಮೈಟ್‌ಗಳಿಂದಲೇ ಹೆಚ್ಚು. ಆದುದರಿಂದ ಬಣ್ಣ ನೋಡಿ ನಿರ್ಧರಿಸಬೇಡಿರಿ. ಒಣ ಮಣ್ಣನ್ನು ಹುಡಿಮಾಡಿ, ಕಾಗದದಲ್ಲಿ ಸುತ್ತಿದ ಅಯಸ್ಕಾಂತವನ್ನು ಅದರಲ್ಲಿ ಆಡಿಸಿರಿ. ಹೆಚ್ಚು ಹುಡಿ ಅಂಟಿದರೆ ತೊಂದರೆಯೂ ಹೆಚ್ಚೆಂದು ತಿಳಿಯಿರಿ.

ಮಣ್ಣಿನ ಮರುತ್ತರವನ್ನು ಯಂತ್ರವು ಲೆಕ್ಕಕ್ಕೆ ಹಿಡಿಯದಂತೆ ಮಾಡುವುದೇ ‘ಗ್ರೌಂಡ್ ಬ್ಯಾಲೆನ್ಸ್’, ಅಂದರೆ ನೆಲದ ಹೊಂದಾಣಿಕೆ.

ಮಾಡುವ ಕ್ರಮ

೧. ಲೋಹವಿಲ್ಲದ ಜಾಗ ಹುಡುಕಿರಿ. ಲೋಹದ ಮೇಲೆಯೇ ಹೊಂದಿಸಿದರೆ ಕೆಲಸ ಕೆಡುತ್ತದೆ. ಕತ್ತಿ, ಹಾರೆ, ಮೊಬೈಲುಗಳನ್ನು ದೂರವಿಡಿರಿ.

೨. ಗುಂಡಿಯನ್ನು ‘ಎಲ್ಲ ಲೋಹ’ ಎಂಬಲ್ಲಿಗೆ ತಿರುಗಿಸಿರಿ. ಇಲ್ಲವಾದರೆ ಯಂತ್ರವು ಕಬ್ಬಿಣವನ್ನೇ ಬಿಟ್ಟುಬಿಡಬಹುದು. ಸೂಕ್ಷ್ಮತೆಯನ್ನು ಅರ್ಧದಲ್ಲಿಡಿರಿ.

೩. ಸುರುಳಿಯನ್ನು ನೆಲಕ್ಕೆ ಸಮವಾಗಿ ಹಿಡಿದು, ಒಂದು ಗೇಣು ಎತ್ತರದಿಂದ ಎರಡು ಬೆರಳಿನಷ್ಟಕ್ಕೆ ಇಳಿಸುತ್ತ ಏರಿಸುತ್ತ ಇರಿ.

೪. ಇಳಿಸುವಾಗ ದನಿ ಬದಲಾದರೆ ಹೊಂದಾಣಿಕೆಯ ತಿರುಪನ್ನು ಸ್ವಲ್ಪ ತಿರುಗಿಸಿರಿ. ವ್ಯತ್ಯಾಸ ಹೆಚ್ಚಿದರೆ ಇನ್ನೊಂದು ಕಡೆಗೆ ತಿರುಗಿಸಿರಿ. ಇಳಿಸಿದರೂ ಏರಿಸಿದರೂ ದನಿ ಒಂದೇ ಸಮನಿದ್ದರೆ ಸರಿಹೊಂದಿತು. ತಿರುಪಿಲ್ಲದ ಯಂತ್ರದಲ್ಲಿ ಸೂಕ್ಷ್ಮತೆಯನ್ನು ಇಳಿಸಿ ನೋಡಿರಿ.

೫. ಹಳೆಯ ಕೊಳವೆಯ ತುಂಡೊಂದನ್ನು ಅದೇ ಮಣ್ಣಿನಲ್ಲಿ ಅರ್ಧ ಅಡಿ ಆಳ ಹೂತು ಪರೀಕ್ಷಿಸಿರಿ.

ಬೆಟ್ಟಿನಿಂದ ಮಜಲಿಗೆ, ಮಜಲಿನಿಂದ ಬೈಲಿಗೆ ಇಳಿದಾಗಲೂ, ಮಳೆ ಬಂದ ಮೇಲೂ ಮತ್ತೊಮ್ಮೆ ಹೊಂದಿಸಬೇಕು. ಸೂಕ್ಷ್ಮತೆ ಹೆಚ್ಚಿಸಿದರೆ ಆಳದ್ದು ಸಿಗುತ್ತದೆಂಬುದು ಈ ಮಣ್ಣಿನಲ್ಲಿ ತಪ್ಪು ಎಣಿಕೆ, ಗದ್ದಲವೇ ಹೆಚ್ಚುತ್ತದೆ.

ಕೊಳವೆಯೋ ಕಲ್ಲೋ?

ಒಂದೊಂದು ಹೆಜ್ಜೆಗೆ ಅಡ್ಡಲಾಗಿ ಬೀಸಿ, ಕೂಗಿದಲ್ಲೆಲ್ಲ ಗೂಟ ನೆಡಿರಿ. ಗೂಟಗಳು ಸಾಲಾಗಿ ನಿಂತರೆ ಕೊಳವೆಯಿರಬಹುದು. ಸುರುಳಿಯನ್ನು ಸ್ವಲ್ಪ ಎತ್ತಿದೊಡನೆ ದನಿ ಅಡಗಿದರೆ ಬಹುಶಃ ಮುರಕಲ್ಲಿನ ತುಂಡು. ಪಿ.ವಿ.ಸಿ. ಕೊಳವೆಯನ್ನು ಯಂತ್ರ ತೋರಿಸದು. ಅದಕ್ಕೆ ಜೋಡಿಸಿದ ಲೋಹದ ವಾಲ್ವನ್ನು ಮಾತ್ರ ತೋರಿಸಬಲ್ಲದು. ಗೂಟದ ಸಾಲು ಸಿಕ್ಕಿದ ಮೇಲೆ ಮರಗಳ ಬುಡ ಬಿಟ್ಟು, ನಡುವೆ ಅಗೆಯಿರಿ.

ಎಚ್ಚರಿಕೆ

೧೬೦೪ರಲ್ಲಿ ಪ್ರತಿಷ್ಠೆಯಾದ ಗೊಮ್ಮಟ ನಿಂತಿರುವ ಊರಿದು. ಗೊಮ್ಮಟನ ಮತ್ತು ಬಸದಿಗಳ ಆವರಣದಲ್ಲಿ ಯಂತ್ರ ಹಿಡಿದು ಹುಡುಕಬಾರದು. ನಿಮ್ಮದೇ ನೆಲದಲ್ಲಿ ಹಳೆಯ ನಾಣ್ಯವೋ ವಿಗ್ರಹವೋ ಕಂಡರೆ ಅಗೆತ ನಿಲ್ಲಿಸಿ, ತಹಶೀಲ್ದಾರರಿಗೆ ಅಥವಾ ಪೊಲೀಸರಿಗೆ ತಿಳಿಸಿರಿ. ನಿಧಿಯನ್ನು ಬಚ್ಚಿಡುವುದು ಕಾನೂನಿನ ಪ್ರಕಾರ ಅಪರಾಧ.