ರುಜು ಹಾಕುವ ಮೊದಲು ಕೇಳಿ

ಮಕ್ಕಳೇ, ಇದು ಹುಡುಗಿಯರಿಗಷ್ಟೇ ಹೇಳುವ ಮಾತಲ್ಲ. ಅಮ್ಮನದೋ ಹೆಂಡತಿಯದೋ ಆಪರೇಷನ್ ಕಾಗದಕ್ಕೆ ನಾಳೆ ರುಜು ಹಾಕುವವರು ಹುಡುಗರೂ ಹೌದು.

ನಮ್ಮ ದೇವನಹಳ್ಳಿ ಸೀಮೆಯಲ್ಲಿ ದ್ರಾಕ್ಷಿ ತೋಟಕ್ಕೆ ಕೂಲಿಗೆ ಹೋಗುವ, ರೇಷ್ಮೆಹುಳು ಸಾಕುವ ಹೆಂಗಸರಿಗೆ ತಿಂಗಳ ಸ್ರಾವ ಜಾಸ್ತಿಯಾದರೆ ಬರುವ ಮೊದಲ ಮಾತು, "ಮಕ್ಕಳಾಗಿವೆ, ಇನ್ನು ಅದನ್ನಿಟ್ಕೊಂಡು ಏನು ಮಾಡೋದು, ತೆಗೆಸಿಬಿಡೋಣ." ದಿನಗೂಲಿ ತಪ್ಪುವ ಸಂಕಟ ಸಣ್ಣದಲ್ಲ. ಆದರೆ ತೆಗೆಯುವುದು ಏನನ್ನು ಎಂದು ಕೇಳುವವರು ಕಡಿಮೆ. ಗರ್ಭಕೋಶ ಬೇರೆ, ಅದರ ಎರಡು ಪಕ್ಕದ ಅಂಡಾಶಯ ಬೇರೆ. ಎರಡೂ ಹೋಗಿರುವುದು ಎಷ್ಟೋ ಜನಕ್ಕೆ ಗೊತ್ತೇ ಇರುವುದಿಲ್ಲ.

ಅಂಡಾಶಯದ ಕೆಲಸ ಹೆರಿಗೆಗೇ ಮುಗಿಯುವುದಿಲ್ಲ, ಮಿದುಳಿಗೂ ಅದು ಬೇಕು. ಮೈತೂಕದಲ್ಲಿ ನೂರಕ್ಕೆ 2ರಷ್ಟಿರುವ ಮಿದುಳು ದೇಹದ ಶಕ್ತಿಯಲ್ಲಿ ನೂರಕ್ಕೆ ಸುಮಾರು 20 ಪಾಲು ಉಣ್ಣುತ್ತದೆ. ಅದರ ಮುಖ್ಯ ಆಹಾರ ಗ್ಲೂಕೋಸ್. ಆ ಗ್ಲೂಕೋಸ್ ನರಕೋಶದೊಳಗೆ ಸೇರಲು, ಅಲ್ಲಿನ ಮೈಟೊಕಾಂಡ್ರಿಯಾ ಅದನ್ನು ಶಕ್ತಿಯಾಗಿಸಲು ಅಂಡಾಶಯದ ಈಸ್ಟ್ರೋಜನ್ ನೆರವಾಗುತ್ತದೆ. ಮುಟ್ಟು ನಿಲ್ಲುವ ಹಂತದ ಹೆಂಗಸರ ಪೆಟ್ ಸ್ಕ್ಯಾನ್‌ಗಳಲ್ಲಿ ಮಿದುಳಿನ ಗ್ಲೂಕೋಸ್ ಬಳಕೆ ತಗ್ಗಿರುವುದು ಕಂಡಿದೆ. ಸಹಜವಾಗಿ ಮುಟ್ಟು ನಿಲ್ಲುವಾಗ ಹಾರ್ಮೋನ್ ವರ್ಷಗಟ್ಟಲೆ ಮೆಲ್ಲಗೆ ಇಳಿಯುತ್ತದೆ, ಮಿದುಳಿಗೆ ಹೊಂದಿಕೊಳ್ಳಲು ಬಿಡುವು ಸಿಗುತ್ತದೆ. ಎರಡೂ ಅಂಡಾಶಯ ತೆಗೆದರೆ ಒಂದೇ ದಿನದಲ್ಲಿ ಕೆರೆಯ ತೂಬು ಮುಚ್ಚಿದ ಹಾಗೆ.

ಅಮೆರಿಕದ ಮೇಯೊ ಕ್ಲಿನಿಕ್‌ನ ವಾಲ್ಟರ್ ರೋಕಾ ತಂಡ 2007ರಲ್ಲಿ ಇದರ ಫಲವನ್ನು ತೋರಿಸಿತು. ಮುಟ್ಟು ನಿಲ್ಲುವ ಮೊದಲೇ ಅಂಡಾಶಯ ತೆಗೆಸಿಕೊಂಡವರಲ್ಲಿ ಮುಂದೆ ಬುದ್ಧಿಶಕ್ತಿ ಕುಂದುವ, ಮರೆವಿನ ಕಾಯಿಲೆ ಬರುವ ಅಪಾಯ ಸುಮಾರು ಒಂದೂವರೆ ಪಟ್ಟು. ವಯಸ್ಸು ಚಿಕ್ಕದಾದಷ್ಟೂ ಅಪಾಯ ಹೆಚ್ಚು. ಹಾಗೆಂದು ಎಲ್ಲರಿಗೂ ಬಂದೇ ಬರುತ್ತದೆಂದು ಹೆದರಬೇಡಿ.

ನಮ್ಮ ರಾಜ್ಯದಲ್ಲೇ ಕಲಬುರಗಿ ಜಿಲ್ಲೆಯ ತಾಂಡಾಗಳ ಎಳೆಯ ಹೆಂಗಸರಿಗೂ ಕ್ಯಾನ್ಸರ್ ಭಯ ಹುಟ್ಟಿಸಿ ಗರ್ಭಕೋಶ ತೆಗೆದ ದೂರು 2015ರಲ್ಲಿ ಸರ್ಕಾರದ ತನಿಖೆಗೆ ಬಂತು. ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಅಳವಡಿಸಿಕೊಳ್ಳಬೇಕೆಂದು ಸುಪ್ರೀಂ ಕೋರ್ಟ್ 2023ರಲ್ಲಿ ಆದೇಶಿಸಿತು. ಆದೇಶ ದೆಹಲಿಯಲ್ಲಿದ್ದರೆ ಸಾಲದು, ನಿಮ್ಮ ಬಾಯಲ್ಲೂ ಪ್ರಶ್ನೆ ಇರಬೇಕು.

ಕೇಳಿ: ಕಾಯಿಲೆಯ ಹೆಸರೇನು? ಮಾತ್ರೆಯಲ್ಲಿ, ಗರ್ಭಕೋಶದೊಳಗಿಡುವ ಹಾರ್ಮೋನ್ ವಂಕಿಯಲ್ಲಿ ಸ್ರಾವ ಹತೋಟಿಗೆ ಬರುವುದಿಲ್ಲವೇ? ಗರ್ಭಕೋಶ ತೆಗೆಯಲೇಬೇಕಾದರೆ ಅಂಡಾಶಯ ಉಳಿಸಬಹುದೇ? ಉತ್ತರ ತೃಪ್ತಿಯಾಗದಿದ್ದರೆ ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಗೆ ಹೋಗಿ ಇನ್ನೊಬ್ಬ ವೈದ್ಯರನ್ನು ಕಾಣಿ. ಕ್ಯಾನ್ಸರ್ ಖಚಿತವಾಗಿದ್ದರೆ, ವಂಶದಲ್ಲಿ ಅದರ ಜೀನ್ ದೋಷವಿದ್ದರೆ ಲೆಕ್ಕವೇ ಬೇರೆ. ಆಗ ಅಂಡಾಶಯ ತೆಗೆಯುವುದೇ ಜೀವ ಉಳಿಸೀತು, ಹಟ ಮಾಡಬೇಡಿ.

ಚಿಕ್ಕ ವಯಸ್ಸಿನಲ್ಲೇ ಎರಡೂ ಅಂಡಾಶಯ ಹೋದವರು, ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗೆ ಹಾರ್ಮೋನ್ ಚಿಕಿತ್ಸೆ ತಮಗೆ ಹೊಂದುತ್ತದೆಯೇ ಎಂದು ಸ್ತ್ರೀರೋಗ ತಜ್ಞರನ್ನು ಕೇಳಲಿ. ಆದರೆ ಅರವತ್ತೈದು ದಾಟಿದ ಅಜ್ಜಿಗೆ ಮರೆವು ಬಾರದಿರಲೆಂದು ಹಾರ್ಮೋನ್ ಕೊಡಿಸಬೇಡಿ. ಆ ವಯಸ್ಸಿನಲ್ಲಿ ಈಸ್ಟ್ರೋಜನ್, ಪ್ರೊಜೆಸ್ಟಿನ್ ಎರಡನ್ನೂ ಶುರುಮಾಡಿದವರಲ್ಲಿ ಮರೆವಿನ ಕಾಯಿಲೆ ಎರಡು ಪಟ್ಟಾದದ್ದನ್ನು ಅಮೆರಿಕದ ದೊಡ್ಡ ಪ್ರಯೋಗವೊಂದು 2003ರಲ್ಲಿ ತೋರಿಸಿದೆ. ಮರೆವಿನ ಅಪಾಯ ತಗ್ಗಿಸಲು ಬಿಪಿ, ಸಕ್ಕರೆ ಹತೋಟಿ, ದಿನದ ನಡಿಗೆ, ಕಿವಿ ಮಂದವಾದರೆ ಶ್ರವಣಯಂತ್ರ, ಇವು ಎಲ್ಲರಿಗೂ ಬೇಕು.

ಈ ವಾರವೇ ಅಮ್ಮನ ಹಳೆಯ ಡಿಸ್ಚಾರ್ಜ್ ಕಾಗದ ಹುಡುಕಿ. ಏನನ್ನು ತೆಗೆದರು, ಆಗ ವಯಸ್ಸೆಷ್ಟು ಎಂದು ಓದಿ ತಿಳಿದು, ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ಅದನ್ನು ಜೊತೆಗೆ ಒಯ್ಯಿರಿ.